ಹಳೆ ಚರ್ಚಿನ ರಿಪೇರಿ: ಬಣ್ಣಕ್ಕಿಂತ ಮೊದಲು ನೀರಿನ ದಾರಿ ನೋಡಿ

ಕರಾವಳಿಯಲ್ಲಿ ಹಳೆ ಕಟ್ಟಡಗಳ ರಿಪೇರಿ ನನ್ನ ಕೆಲಸ. ಮನೆ, ಶಾಲೆ ಎಲ್ಲ ಮಾಡಿದ್ದೇನೆ. ಆದರೆ ನನಗೆ ಹೆಚ್ಚು ಕಲಿಸಿದ್ದು ಚರ್ಚುಗಳೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಕಾಲದ ಎಷ್ಟೋ ಚರ್ಚುಗಳನ್ನು ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು, ಅಂದರೆ ಆಯಾ ಊರಿನ ಭಕ್ತರ ಕೂಟಗಳು, ನೋಡಿಕೊಳ್ಳುತ್ತಿವೆ. ಕೆಂಪುಕಲ್ಲಿನ ದಪ್ಪ ಗೋಡೆ, ಸುಣ್ಣದ ಸಾರಣೆ, ಹೆಂಚು ಹೊರುವ ಮರದ ಪಕ್ಕಾಸು, ಮೇಲೆ ಮಂಗಳೂರು ಹೆಂಚು. ಅಂಥ ಒಂದು ಚರ್ಚಿನಲ್ಲಿ ಕಂಡದ್ದನ್ನು ಬರೆಯುತ್ತೇನೆ. ಈ ಕೆಲಸಕ್ಕೆ ಕೈ ಹಾಕುವ ಸಭೆಗಳಿಗೆ ಉಪಯೋಗ ಆದೀತು.

ಸಮಿತಿಯವರು ನನ್ನನ್ನು ಕರೆದದ್ದು ಬಣ್ಣದ ವಿಷಯಕ್ಕೆ. ಪ್ರತಿ ಮಳೆಗಾಲ ಕಳೆದ ಮೇಲೆ ಗೋಡೆಯ ಕೆಳಭಾಗದ ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಹಿಂದೊಮ್ಮೆ ಅಲ್ಲಿನ ಸುಣ್ಣದ ಸಾರಣೆ ಕೆತ್ತಿ, ಗಟ್ಟಿ ಇರಲಿ ಅಂತ ಸಿಮೆಂಟ್ ಹಾಕಿಸಿದ್ದರು. ರೋಗ ಇದ್ದದ್ದೇ ಅಲ್ಲಿ.

ಕೆಂಪುಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತು. ಅದು ನೀರು ಹೀರುತ್ತದೆ. ಸುಣ್ಣದ ಸಾರಣೆ ಇದ್ದರೆ ಆ ಪಸೆ ಬಿಸಿಲಿಗೆ ನಿಧಾನಕ್ಕೆ ಹೊರಗೆ ಹೋಗಿಬಿಡುತ್ತದೆ. ಸಿಮೆಂಟ್ ಅದನ್ನು ಹಿಡಿದಿಡುತ್ತದೆ. ಅದರ ಮೇಲೆ ಎಮಲ್ಷನ್ ಬಣ್ಣ ಬಳಿದರೆ ಇದ್ದ ದಾರಿಯೂ ಮುಚ್ಚಿತು. ಒಳಗೇ ಉಳಿದ ನೀರು ಗೋಡೆಯಲ್ಲಿ ಮೇಲಕ್ಕೆ ಏರುತ್ತದೆ. ಅದರ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ದೂಡುತ್ತದೆ. ಮಂಗಳೂರಿನ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಇಲ್ಲಿ ಎಷ್ಟು ದುಬಾರಿ ಬಣ್ಣ ಹಾಕಿದರೂ ಇದೇ ಕಥೆ.

ನೀರು ಬರುತ್ತಿದ್ದದ್ದು ಎಲ್ಲಿಂದ? ಅಂಗಳಕ್ಕೆ ಪ್ರತಿ ಸಲ ಮಣ್ಣು ತುಂಬಿಸಿ, ಕೊನೆಗೆ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದರು. ಅಂಗಳ ಚರ್ಚಿನ ಪಂಚಾಂಗದ (ಗೋಡೆ ಕೂರುವ ಕಟ್ಟೆಯ) ಮಟ್ಟಕ್ಕೇ ಬಂದು ನಿಂತಿತ್ತು. ಮಾಡಿನಿಂದ (ಹೆಂಚಿನ ಛಾವಣಿಯಿಂದ) ಬಿದ್ದ ನೀರು ಹೋಗಲು ಜಾಗ ಇಲ್ಲದೆ ಗೋಡೆಗೇ ಹೊಡೆಯುತ್ತಿತ್ತು. ಎರಡು ಮಾಡು ಕೂಡುವ ಕಡೆಯ ನೀರು ಹರಿಯುವ ತಗಡಿನ ದೋಣಿಯಲ್ಲಿ ಎಲೆ ತುಂಬಿ ನೀರು ಒಳಗೆ ಇಳಿದು, ಗೋಡೆಯ ಮೇಲೆ ಕೂರುವ ಪಕ್ಕಾಸಿನ ತುದಿಗಳು ಕೊಳೆತು ಕುಂಬಾಗಿದ್ದವು. ಕೆಳಗಿನಿಂದ ನೋಡಿದರೆ ಮರ ಚೆನ್ನಾಗಿಯೇ ಕಾಣುತ್ತಿತ್ತು. ಏಣಿ ಹತ್ತಿ ಚೂರಿಯಿಂದ ಚುಚ್ಚಿದಾಗಲೇ ಗೊತ್ತಾಗಿದ್ದು.

ಸಭೆಯವರನ್ನು ಒಪ್ಪಿಸುವುದು ಕಲ್ಲಿನ ಕೆಲಸಕ್ಕಿಂತ ಕಷ್ಟ. ಒಬ್ಬ ಹಿರಿಯರು ಕೇಳಿದರು: "ಇಂಜಿನಿಯರ್ರೇ, ನಮ್ಮ ಮನೆಗಳೆಲ್ಲ ಸಿಮೆಂಟಿನದ್ದೇ ಅಲ್ವಾ? ದೇವರ ಮನೆಗೆ ಯಾಕೆ ಬೇಡ?" ಅದು ನ್ಯಾಯವಾದ ಪ್ರಶ್ನೆ. ಹಣ ಅವರದ್ದು, ಪಿಂಚಣಿಯಲ್ಲಿ ಉಳಿಸಿ ಕೊಟ್ಟದ್ದು. ಮಾತಲ್ಲಿ ಉತ್ತರ ಹೇಳಲು ನನಗೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರ (ಪಾದ್ರಿಯವರ) ಅನುಮತಿ ಪಡೆದು, ಎಲ್ಲರ ಎದುರೇ ಒಂದು ತುಂಡು ಸಿಮೆಂಟ್ ತೆಗೆಸಿದೆ. ಬೇಸಿಗೆಯಲ್ಲೂ ಹಿಂದಿನ ಕಲ್ಲು ಒದ್ದೆ. ಅದೇ ಗೋಡೆಯಲ್ಲಿ ಹಳೆ ಸುಣ್ಣ ಉಳಿದ ಕಡೆ ಕಲ್ಲು ಒಣಗಿತ್ತು. ಹಿರಿಯರು ಎರಡನ್ನೂ ಮುಟ್ಟಿ ನೋಡಿದರು. ಆಮೇಲೆ ಸಮಿತಿಯಲ್ಲಿ ನನ್ನ ಪರವಾಗಿ ಮಾತಾಡಿದ್ದು ಅವರೇ.

ಹೆಂಚಿನ ವಿಷಯ ಒಂದಿಷ್ಟು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಹೆಂಚಿನ ಮೇಲೆ ಆ ಇಸವಿ ಕಂಡರೆ ಹೆಂಚೂ ಅದೇ ವರ್ಷದ್ದು ಅಂತ ಜನ ನಂಬುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಹೆಂಚು ಎಷ್ಟೇ ಹಳೆಯದಾದರೂ ಬೆರಳಲ್ಲಿ ತಟ್ಟಿದಾಗ ಟಣ್ ಅಂದರೆ ಇನ್ನೂ ಬಾಳುತ್ತದೆ. ಮಂಕು ಸದ್ದು ಬಂದರೆ ಬಿರುಕು ಇದೆ. ಹೊಸ ಹೆಂಚು ತಂದು ಹಳೆಯದರ ಮಧ್ಯೆ ಸಿಕ್ಕಿಸಬೇಡಿ. ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು (ಒಂದಕ್ಕೊಂದು ಕೂರುವ ಗಾಡಿ) ಒಂದೊಂದು ಥರ, ಸರಿಯಾಗಿ ಕೂರದೆ ಸೋರುತ್ತದೆ. ನಾವು ಒಳ್ಳೆಯ ಹಳೆ ಹೆಂಚನ್ನೆಲ್ಲ ರಸ್ತೆ ಕಡೆಯ ಮಾಡಿಗೆ ಹಾಕಿ, ಹಿಂದಿನ ಮಾಡಿಗೆ ಪೂರ್ತಿ ಹೊಸದು ಹೊದಿಸಿದೆವು.

ಕೆಲಸದ ಸಮಯವೇ ಇಲ್ಲಿ ದೊಡ್ಡ ತಲೆನೋವು. ಮಾಡು ಬಿಚ್ಚಲು ಕ್ರಿಸ್ಮಸ್‌ನಿಂದ ಮೇ ತನಕ ಮಾತ್ರ ಅವಕಾಶ. ಮಧ್ಯದಲ್ಲಿ ಶುಭ ಶುಕ್ರವಾರ, ಈಸ್ಟರ್, ಮದುವೆಗಳು. ಜೂನ್‌ಗೆ ಮಳೆ ಹಿಡಿಯುತ್ತದೆ. ಅರ್ಧ ಮಾಡು ಮುಗಿಸಿಯೇ ಇನ್ನರ್ಧ ಬಿಚ್ಚಬೇಕು. ಮದುವೆ ಗೊತ್ತಾದ ಮನೆಗಳಿಗೆ ಸಭಾಪಾಲಕರೇ ಹೋಗಿ ಮಾತಾಡಿದರು. ಅವರಿಲ್ಲದಿದ್ದರೆ ಕೆಲಸ ಆ ವರ್ಷ ಮುಗಿಯುತ್ತಿರಲಿಲ್ಲ.

ಸುಣ್ಣದ ಸಾರಣೆಗೆ ಅವಸರ ಆಗದು. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಸುಣ್ಣವನ್ನೇ ಬಳಿದೆವು. ಅಂಗಳ ತಗ್ಗಿಸಿ, ಗೋಡೆಯ ಸುತ್ತ ಚರಂಡಿ ತೋಡಿಸಿದೆವು. ಒಟ್ಟು ಖರ್ಚಿನಲ್ಲಿ ಇದು ಸಣ್ಣ ಪಾಲು, ಆದರೆ ನನ್ನ ಲೆಕ್ಕದಲ್ಲಿ ಅತಿ ಮುಖ್ಯ. ಈಗ ಸಭೆಯ ಬಜೆಟ್ಟಿನಲ್ಲಿ ಪ್ರತಿ ಏಪ್ರಿಲ್‌ಗೆ ಹೆಂಚು ನೋಡಿಸುವ ಖರ್ಚು ಅಂತ ಒಂದು ಸಾಲು ಸೇರಿದೆ. ದೋಣಿಯ ಎಲೆ ತೆಗೆಯುವ ಜವಾಬ್ದಾರಿಯನ್ನು ಸಭೆಯ ಯುವಕರು ವಹಿಸಿಕೊಂಡಿದ್ದಾರೆ.