ಕರಡು ಬರೆದವಳ ಶನಿವಾರ

2024ರ ನವೆಂಬರ್ 23, ಶನಿವಾರ ರಾತ್ರಿ

ಹತ್ತನೇ ತರಗತಿಯ ಪೋಷಕರಿಗಾಗಿ ಇಂದು ಬೆಳಿಗ್ಗೆ ಹನ್ನೊಂದೂವರೆಗೆ ಕರೆದಿದ್ದ ಸಭೆಗೆ ಹೋದಾಗ, ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆ. ಸಭಾಂಗಣದ ಎಡಗಡೆ ಪೋಷಕರಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನೂ ಬಲಗಡೆ ಶಿಕ್ಷಕರಿಗೆ ತರಗತಿಯ ಡೆಸ್ಕುಗಳನ್ನೂ ಹಾಕಿಸಿದ್ದರು. ಹನ್ನೊಂದು ವರ್ಷಗಳಿಂದ ನಾನು ಈ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ; ನನ್ನ ಮಗಳು ಇಲ್ಲಿಯೇ ಹತ್ತನೇ ತರಗತಿಯಲ್ಲಿದ್ದಾಳೆ. ಅವಳ ಡೈರಿಯಲ್ಲಿ ಬಂದ ಸೂಚನೆಗೆ ತಾಯಿಯಾಗಿ ಸಹಿ ಹಾಕಿದವಳೂ ನಾನೇ, ಎಲ್ಲ ಶಿಕ್ಷಕರೂ ಹಾಜರಿರತಕ್ಕದ್ದು ಎಂಬ ಸುತ್ತೋಲೆಗೆ ಸಹಿ ಹಾಕಿದವಳೂ ನಾನೇ. ಕೊನೆಗೆ ಬಲಗಡೆ ಹಿಂದಿ ಮೇಡಂ ಪಕ್ಕದಲ್ಲಿ ಹೋಗಿ ಕುಳಿತೆ. ಎಡಗಡೆ ಕುಳಿತಿದ್ದ ನಮ್ಮ ಎದುರುಮನೆಯವರು ಅದನ್ನು ನೋಡಿ ಮುಖ ತಿರುಗಿಸಿದರು.

ನಡೆದದ್ದನ್ನು ಮೊದಲಿನಿಂದ ಬರೆದಿಡುತ್ತೇನೆ, ಏಕೆಂದರೆ ನಾಲ್ಕೇ ದಿನಗಳಲ್ಲಿ ಊರಿನಲ್ಲಿ ಇದರ ನಾಲ್ಕು ಕಥೆಗಳು ಓಡಾಡುತ್ತಿವೆ. ಸೋಮವಾರ ಕನಕ ಜಯಂತಿಯ ರಜೆ. ಮಂಗಳವಾರ ಶಾಲೆಗೆ ಹೋದಾಗ ಪ್ರಾಂಶುಪಾಲರ ಕೊಠಡಿಗೆ ಬೀಗ ಬಿದ್ದಿತ್ತು. (ಇಲಾಖೆಯ ಕಡತಗಳಲ್ಲಿ ಅವರು ಮುಖ್ಯ ಶಿಕ್ಷಕಿ, ಫಲಕದಲ್ಲಿ ಮಾತ್ರ ಪ್ರಾಂಶುಪಾಲರು. ಖಾಸಗಿ ಶಾಲೆಗಳಲ್ಲಿ ಹೆಸರಿನ ಈ ಬಡ್ತಿಗೆ ಸಂಬಳ ಹೆಚ್ಚಿಸಬೇಕಾಗಿಲ್ಲ.) ಪ್ರಾರ್ಥನೆ ಮುಗಿದ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಯವರು ಬಂದು, ಮೇಡಂ ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡಿದ್ದಾರೆಂದೂ ಗಣಿತದ ಹಿರಿಯ ಶಿಕ್ಷಕರು ಪ್ರಭಾರ ವಹಿಸಿಕೊಳ್ಳುವರೆಂದೂ ಎರಡು ವಾಕ್ಯಗಳಲ್ಲಿ ಹೇಳಿ ಕಾರು ಹತ್ತಿದರು. ಅದೇ ಸಂಜೆ ಮೇಡಂ ಒಬ್ಬ ಪೋಷಕರಿಗೆ ಫೋನಿನಲ್ಲಿ, 'ನಾನಾಗಿ ಕೊಡಲಿಲ್ಲ, ಬರೆಸಿಕೊಂಡರು' ಎಂದರಂತೆ. ರಾತ್ರಿಯಾಗುವಷ್ಟರಲ್ಲಿ ಆ ಮಾತು ಎಲ್ಲ ಪೋಷಕರಿಗೂ ತಲುಪಿತ್ತು. ಅದರ ಬಾಲಕ್ಕೆ 'ಟೀಚರುಗಳೇ ಸಹಿ ಹಾಕಿ ಕಳಿಸಿದರು' ಎಂಬ ಇನ್ನೊಂದು ಮಾತೂ ಸೇರಿಕೊಂಡಿತ್ತು.

ಆ ಎರಡನೆಯ ಮಾತು ಪೂರ್ತಿ ಸುಳ್ಳಲ್ಲ ಎನ್ನುವುದೇ ನನ್ನ ಸಂಕಟ.

ಮೇಡಂ ನಮ್ಮಲ್ಲಿಗೆ ಬಂದದ್ದು 2022ರ ಜೂನ್‌ನಲ್ಲಿ. ಮೊದಲ ಎರಡು ವರ್ಷ ಅವರಿಗೂ ನಮಗೂ ಸುಗಮವಾಗಿಯೇ ಸಾಗಿತು. ಎಲ್ಲವೂ ಕೆಟ್ಟದ್ದು ಈ ವರ್ಷದ ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ಈ ಬಾರಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಮುಂದಿನ ಪರೀಕ್ಷೆಗೆ ಆ ಕೃಪಾಂಕವೂ ಇಲ್ಲವೆಂದು ಸರ್ಕಾರ ಹೇಳಿಬಿಟ್ಟಿದೆ. ನಮ್ಮ ಶಾಲೆಯಲ್ಲಿ ಎಂದೂ ಇಲ್ಲದಂತೆ ಏಳು ಮಕ್ಕಳು ಅನುತ್ತೀರ್ಣರಾದರು. ಪ್ರವೇಶಾತಿಯ ಕಾಲದಲ್ಲಿ ಆ ಏಳು ಎಂಬ ಸಂಖ್ಯೆ ಆಡಳಿತ ಮಂಡಳಿಗೆ ಎಷ್ಟು ಉರಿಯಿತೋ, ಅದರ ಎರಡರಷ್ಟು ಮೇಡಂ ಅವರಿಗೆ ಉರಿಯಿತು.

ಅಲ್ಲಿಂದ ಬೆಳಿಗ್ಗೆ ಎಂಟೂವರೆಗೆ ವಿಶೇಷ ತರಗತಿ, ಸಂಜೆ ಐದೂವರೆಯವರೆಗೆ ಇನ್ನೊಂದು, ತಿಂಗಳಿಗೆ ಎರಡು ಭಾನುವಾರ ಕಿರುಪರೀಕ್ಷೆ. ಹಿಂದುಳಿದ ಮಕ್ಕಳನ್ನು ಐದೈದರಂತೆ ಪ್ರತಿ ಶಿಕ್ಷಕರಿಗೂ 'ದತ್ತು' ಕೊಟ್ಟರು. ದತ್ತು ಪಡೆದವರು ಬೆಳಗಿನ ಐದು ಗಂಟೆಗೆ ಆ ಮನೆಗಳಿಗೆ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸಬೇಕು, ಎಬ್ಬಿಸಿದ ಸಮಯವನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಇದೇನೂ ಅವರ ಆವಿಷ್ಕಾರವಲ್ಲ, ಸರ್ಕಾರಿ ಶಾಲೆಗಳಲ್ಲಿಯೂ ಎಷ್ಟೋ ಕಡೆ ನಡೆಯುತ್ತದೆ. ನನ್ನ ಪಾಲಿನ ಐವರಲ್ಲಿ ಇಬ್ಬರು ನಿಜವಾಗಿಯೂ ಚೇತರಿಸಿಕೊಂಡಿದ್ದಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಗುರುತೇ ಇಲ್ಲದಿದ್ದ ಹುಡುಗನೊಬ್ಬ ಈಗ ಗಾದೆ ವಿಸ್ತರಣೆಯನ್ನು ಒಂದು ಪುಟ ಬರೆಯುತ್ತಾನೆ. ಇದನ್ನು ಬರೆಯದೆ ಬಿಟ್ಟರೆ ಮೇಡಂ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಆದರೆ ಪೋಷಕರಿಗೆ ಕಾಣದ ಒಂದು ಮುಖವೂ ಇತ್ತು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಡಿತ. ಪಾಠ ಟಿಪ್ಪಣಿಯ ತಪ್ಪನ್ನು ತರಗತಿಗೇ ಬಂದು ಮಕ್ಕಳ ಎದುರಿನಲ್ಲಿ ಓದಿ ಹೇಳುವುದು. ತರಗತಿಯ ಸಿಸಿಟಿವಿಯನ್ನು ತಮ್ಮ ಮೊಬೈಲಿನಲ್ಲಿ ನೋಡುತ್ತಾ, 'ಕುಳಿತು ಪಾಠ ಮಾಡಬೇಡಿ' ಎಂದು ಅಟೆಂಡರ್ ಕೈಲಿ ಚೀಟಿ ಕಳಿಸುವುದು. ನಮ್ಮ ವಿಜ್ಞಾನದ ಶಿಕ್ಷಕಿ ಏಳು ತಿಂಗಳ ಕೂಸಿಗೆ ಜ್ವರವೆಂದು ಒಂದು ಭಾನುವಾರ ಬಾರದಿದ್ದಾಗ ಸೋಮವಾರದ ಸಂಬಳವನ್ನೂ ಹಿಡಿದರು. ಅನುದಾನರಹಿತ ಶಾಲೆಯ ಶಿಕ್ಷಕರ ಸಂಬಳ ಎಷ್ಟಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಒಂದು ದಿನದ ಕಡಿತವೆಂದರೆ ಒಂದು ವಾರದ ಹಾಲಿನ ಲೆಕ್ಕ.

ಸೆಪ್ಟೆಂಬರ್ ಕೊನೆಯಲ್ಲಿ, ದಸರಾ ರಜೆಗೆ ಮುಂಚೆ, ಇಪ್ಪತ್ತೆರಡು ಶಿಕ್ಷಕರಲ್ಲಿ ಹದಿನೇಳು ಮಂದಿ ಆಡಳಿತ ಮಂಡಳಿಗೆ ಒಂದು ಮನವಿ ಕೊಟ್ಟೆವು. ಕನ್ನಡದವಳೆಂಬ ಕಾರಣಕ್ಕೆ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಅಂಶಗಳಿದ್ದವು: ಸಂಬಳ ಕಡಿತಕ್ಕೆ ಲಿಖಿತ ನಿಯಮವಿರಬೇಕು, ಭಾನುವಾರದ ಕೆಲಸಕ್ಕೆ ಬದಲಿ ರಜೆ ಬೇಕು, ಮಕ್ಕಳ ಎದುರು ಶಿಕ್ಷಕರನ್ನು ಗದರಿಸಬಾರದು, ಈ ವಿಷಯಗಳನ್ನು ಮಂಡಳಿಯ ಸಮ್ಮುಖದಲ್ಲಿ ಪ್ರಾಂಶುಪಾಲರೊಂದಿಗೆ ಚರ್ಚಿಸಲು ಅವಕಾಶ ಮಾಡಿಕೊಡಬೇಕು. ಪೀಠಿಕೆಯಲ್ಲಿ ನಾನು 'ಇಂತಹ ವಾತಾವರಣದಲ್ಲಿ ಕರ್ತವ್ಯ ನಿರ್ವಹಿಸುವುದು ದುಸ್ತರವಾಗಿದೆ' ಎಂದು ಬರೆದೆ. ಮೊದಲು 'ಕಷ್ಟವಾಗುತ್ತಿದೆ' ಎಂದಿತ್ತು. ಮನವಿಗೆ ಸ್ವಲ್ಪ ತೂಕ ಬರಲೆಂದು ಅದನ್ನು ಹೊಡೆದು ದುಸ್ತರ ಎಂದು ಬರೆದಾಗ ಸಹೋದ್ಯೋಗಿಗಳು ಮೆಚ್ಚಿದರು, ನಾನೂ ಹಿಗ್ಗಿದೆ. ಆ ಮನವಿಗೆ ಎರಡು ತಿಂಗಳು ಯಾವ ಉತ್ತರವೂ ಬರಲಿಲ್ಲ.

ಇಂದು ಕಾರ್ಯದರ್ಶಿಯವರು ಕೋಟಿನ ಒಳಜೇಬಿನಿಂದ ಅದೇ ಕಾಗದವನ್ನು ತೆಗೆದಾಗ ನನ್ನ ಅಕ್ಷರ ನನಗೆ ದೂರದಿಂದಲೇ ಗುರುತು ಸಿಕ್ಕಿತು. ಎಡಗಡೆಯ ಕುರ್ಚಿಗಳಲ್ಲಿ ಕೆಲವರು ಅಷ್ಟು ಹೊತ್ತು ಮೊಬೈಲಿನಲ್ಲಿ ಚನ್ನಪಟ್ಟಣ ಉಪಚುನಾವಣೆಯ ಮತ ಎಣಿಕೆ ನೋಡುತ್ತಿದ್ದವರು ತಲೆ ಎತ್ತಿದರು. ಕಾರ್ಯದರ್ಶಿಯವರು ಪೀಠಿಕೆಯನ್ನು ಓದಿದರು, ಮೊದಲ ಮೂರು ಅಂಶಗಳನ್ನು ಓದಿದರು, 'ದುಸ್ತರವಾಗಿದೆ' ಎಂಬಲ್ಲಿ ಇನ್ನೊಮ್ಮೆ ನಿಂತು, 'ಹದಿನೇಳು ಜನ ಶಿಕ್ಷಕರು ಹೀಗೆ ಬರೆದುಕೊಟ್ಟ ಮೇಲೆ ಮಂಡಳಿ ಕಣ್ಣು ಮುಚ್ಚಿ ಕುಳಿತಿರಬೇಕಿತ್ತೇ?' ಎಂದು ಪೋಷಕರನ್ನೇ ಕೇಳಿದರು. ನಾಲ್ಕನೆಯ ಅಂಶವನ್ನು ಓದದೆ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಎಡಗಡೆಯವರೂ ಬಲಗಡೆಯವರೂ ಪರಸ್ಪರ ಬೈದಾಡಿಕೊಂಡರು. ವೇದಿಕೆಯ ಮೇಲಿದ್ದವರು ಸುಮ್ಮನೆ ಕುಳಿತರು. 'ನಿಮಗೆ ಭಾನುವಾರ ರಜೆ ಬೇಕಾಗಿತ್ತು, ಅದಕ್ಕೆ ನಮ್ಮ ಮಕ್ಕಳ ವರ್ಷ ಹಾಳು ಮಾಡಿದಿರಿ' ಎಂದು ಕೊಬ್ಬರಿ ಮಂಡಿಯ ಒಬ್ಬರು ಎದ್ದು ನಿಂತು ಕೂಗಿದರು. 'ನನ್ನ ಮಗ ಪುಸ್ತಕ ಹಿಡಿದು ಕೂತಿದ್ದನ್ನು ನಾನು ಕಂಡದ್ದೇ ಈ ಮೇಡಂ ಬಂದ ಮೇಲೆ. ಅವರನ್ನೇ ಕಳಿಸಿಬಿಟ್ಟಿರಲ್ಲಾ ಮಿಸ್' ಎಂದು ಒಬ್ಬ ತಾಯಿ ನೇರವಾಗಿ ನನ್ನನ್ನೇ ನೋಡುತ್ತಾ ಹೇಳಿದರು. ಅವರು ಕೂಗಲಿಲ್ಲ, ಅದೇ ಹೆಚ್ಚು ತಾಕಿತು. ವಿಜ್ಞಾನದ ಶಿಕ್ಷಕಿ ಎದ್ದು ಕೂಸಿನ ಜ್ವರದ ವಿಷಯ ಹೇಳಲು ಹೋಗಿ ಅರ್ಧಕ್ಕೆ ಅತ್ತುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗುವನ್ನು ನಾನು ಬೇಗ ಮರೆಯಲಾರೆ.

ನಡುವೆ ಒಬ್ಬ ಪೋಷಕರು, ವೃತ್ತಿಯಿಂದ ವಕೀಲರು, ವೇದಿಕೆಯತ್ತ ತಿರುಗಿ ಕೇಳಬೇಕಾದ್ದನ್ನು ಕೇಳಿದರು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಪ್ರಕರಣದ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡಬೇಕಾದರೂ ತೆಗೆದುಹಾಕಬೇಕಾದರೂ ಆರೋಪಗಳನ್ನು ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಕೊಡಲು ಅವಕಾಶ ನೀಡಬೇಕು. ಹಾಗೆ ಕೆಲಸ ಕಳೆದುಕೊಂಡವರು 94ನೇ ಪ್ರಕರಣದಂತೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 'ಮೇಡಂಗೆ ನೋಟಿಸ್ ಕೊಟ್ಟಿದ್ದೀರಾ? ವಿಚಾರಣಾಧಿಕಾರಿ ಯಾರು?' ಎಂದು ಅವರು ಕೇಳಿದಾಗ ಕಾರ್ಯದರ್ಶಿಯವರು ನಗುಮುಖದಿಂದಲೇ, 'ನಾವು ತೆಗೆದಿಲ್ಲವಲ್ಲ ಸರ್, ಅವರೇ ರಾಜೀನಾಮೆ ಕೊಟ್ಟಿದ್ದಾರೆ' ಎಂದರು. ಐದು ನಿಮಿಷಗಳ ಹಿಂದೆ ನಮ್ಮ ಮನವಿಯನ್ನು ಓದಿ, ಮಂಡಳಿ ಕಣ್ಣು ಮುಚ್ಚಿ ಕುಳಿತಿರಬೇಕಿತ್ತೇ ಎಂದು ಕೇಳಿದವರೂ ಇವರೇ. ಅವರಾಗಿಯೇ ಹೋಗಿದ್ದರೆ ನಮ್ಮ ಕಾಗದವನ್ನು ಜೇಬಿನಲ್ಲಿ ತರುವ ಅಗತ್ಯವೇನಿತ್ತು? ರಾಜೀನಾಮೆಯ ಪ್ರತಿ ತೋರಿಸಿ ಎಂದು ವಕೀಲರು ಎರಡು ಸಲ ಕೇಳಿದರು. ಅದು ಕಚೇರಿಯಲ್ಲಿದೆ, ಆಮೇಲೆ ತೋರಿಸುತ್ತೇವೆ ಎಂದರು. ಕಚೇರಿ ಸಭಾಂಗಣದಿಂದ ಮೂವತ್ತು ಹೆಜ್ಜೆ ದೂರವಿದೆ.

ಶುಲ್ಕ ಬಾಕಿಯಿರುವ ಮಕ್ಕಳನ್ನು ಅರ್ಧವಾರ್ಷಿಕ ಪರೀಕ್ಷೆಗೆ ಕೂರಿಸಬಾರದೆಂಬ ಸೂಚನೆಯನ್ನು ಮೇಡಂ ಪಾಲಿಸಲಿಲ್ಲ, ಅಸಮಾಧಾನ ಅಲ್ಲಿಂದಲೇ ಶುರುವಾಯಿತು ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿದೆ. ಅಂತಹ ಲಿಖಿತ ಸೂಚನೆಯನ್ನು ನಾನು ಕಂಡಿಲ್ಲವಾದ್ದರಿಂದ ಅದನ್ನು ನಿಜವೆಂದು ಬರೆಯಲಾರೆ. ಪರೀಕ್ಷೆಗೆ ಯಾವ ಮಗುವನ್ನೂ ಹೊರಗೆ ನಿಲ್ಲಿಸಲಿಲ್ಲ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಆ ದಿನ ಕೊಠಡಿ ಮೇಲ್ವಿಚಾರಣೆ ನನ್ನದೇ ಆಗಿತ್ತು.

ಪೋಷಕರ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಅದು ನ್ಯಾಯವಾದದ್ದೇ. ಸರ್ಕಾರಿ ಶಾಲೆಯಾಗಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇರುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು. ಅನುದಾನರಹಿತ ಶಾಲೆಗಳನ್ನು ಆ ಪ್ರಕರಣದಿಂದ ಹೊರಗಿಟ್ಟಿದ್ದಾರೆ. ಸಾವಿರಾರು ರೂಪಾಯಿ ಶುಲ್ಕ ಕಟ್ಟುವವರಿಗೆ ಇಲ್ಲಿ ಕೂಗುವುದಕ್ಕೆ ಒಂದು ಸಭಾಂಗಣವಿದೆಯೇ ಹೊರತು ನಿರ್ಧಾರದಲ್ಲಿ ಒಂದು ಕುರ್ಚಿಯಿಲ್ಲ. ಟಿಸಿ ತೆಗೆದುಕೊಂಡು ಹೋಗುತ್ತೇವೆ ಎಂದು ಕೆಲವರು ಎದ್ದರು. ಎಸ್‌ಎಸ್‌ಎಲ್‌ಸಿ ಮಕ್ಕಳ ನೋಂದಣಿ ಈ ಶಾಲೆಯ ಹೆಸರಿನಲ್ಲಿಯೇ ಆಗುವುದರಿಂದ ನವೆಂಬರ್ ಕೊನೆಯಲ್ಲಿ ಯಾರೂ ಎಲ್ಲಿಗೂ ಹೋಗಲಾರರೆಂದು ಎದ್ದವರಿಗೂ ಗೊತ್ತಿತ್ತು, ವೇದಿಕೆಯ ಮೇಲಿದ್ದವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ನಾನು ಆಗ ಎದ್ದು 'ನಾಲ್ಕನೆಯ ಅಂಶವನ್ನೂ ಓದಿ ಸರ್' ಎನ್ನಬೇಕಾಗಿತ್ತು. ಡೆಸ್ಕಿನ ಅಂಚು ಹಿಡಿದುಕೊಂಡದ್ದೂ ನೆನಪಿದೆ. ಏಳಲಿಲ್ಲ. ಮಗಳ ಶುಲ್ಕದಲ್ಲಿ ನನಗೆ ಅರ್ಧ ರಿಯಾಯಿತಿಯಿದೆ. ಅದು ಆ ಕ್ಷಣದಲ್ಲಿ ನೆನಪಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ನೆನಪಾದದ್ದು ಅದೇ.

ಸಭೆ ಯಾವ ತೀರ್ಮಾನವೂ ಇಲ್ಲದೆ ಮುಗಿಯಿತು. ಪ್ರಭಾರ ವಹಿಸಿಕೊಂಡಿರುವ ಗಣಿತದ ಮೇಷ್ಟ್ರು ನಂತರ ಸಿಬ್ಬಂದಿ ಕೊಠಡಿಗೆ ಬಂದು, ಪರೀಕ್ಷಾ ಮಂಡಳಿಯ ಜಾಲತಾಣದ ಪಾಸ್‌ವರ್ಡ್ ತಮ್ಮ ಬಳಿ ಇಲ್ಲವೆಂದೂ, ವಿಷಯಕ್ಕೆ 20ರಂತೆ, ಪ್ರಥಮ ಭಾಷೆಗೆ 25ರಂತೆ ಕೊಡಬೇಕಾದ ಆಂತರಿಕ ಅಂಕಗಳ ಕಡತ ಮೇಡಂ ಅವರ ಬೀರುವಿನಲ್ಲಿದೆಯೆಂದೂ ಬೀರುವಿನ ಕೀಲಿ ಯಾರಲ್ಲಿದೆಯೆಂದು ತಿಳಿಯದೆಂದೂ ಹೇಳಿ ತಲೆಯ ಮೇಲೆ ಕೈಹೊತ್ತು ಕುಳಿತರು. ಪಾಪ, ಅವರೂ ಹದಿನೇಳರಲ್ಲಿ ಒಬ್ಬರು.

ಸಂಜೆ ಮೇಡಂ ಅವರಿಗೆ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿಕೊಂಡರು. ಮನವಿ ಬರೆದವಳು ನಾನೇ ಎಂದೆ. 'ಗೊತ್ತು, ದುಸ್ತರ ಅಂತ ನಮ್ಮಲ್ಲಿ ಇನ್ಯಾರು ಬರೀತಾರೆ' ಎಂದರು. ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಮನವಿಯನ್ನು ಮಂಡಳಿಯವರು ಅವರಿಗೆ ತೋರಿಸಿದ್ದು ಕಳೆದ ಶನಿವಾರ, ರಾಜೀನಾಮೆ ಬರೆಸಿಕೊಂಡ ದಿನವೇ. ಅದಕ್ಕೆ ಮುಂಚೆ ಅದರ ಸುಳಿವೂ ಇರಲಿಲ್ಲವಂತೆ. 'ಆಗಲೇ ನನ್ನ ಕೈಗೆ ಕೊಟ್ಟಿದ್ದರೆ ಜಗಳ ಆಡುತ್ತಿದ್ದೆ, ಆದರೆ ಬದಲಿ ರಜೆ ಕೊಡುತ್ತಿದ್ದೆ' ಎಂದರು. ಸಂಬಳ ಕಡಿತದ ಬಗ್ಗೆ ಮಾತ್ರ ಪಶ್ಚಾತ್ತಾಪದ ಒಂದು ಮಾತೂ ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಊಟದ ಮೇಲೆ ಮೊಬೈಲಿನಲ್ಲಿದ್ದ ಮನವಿಯ ಚಿತ್ರವನ್ನು ನೋಡಿಕೊಂಡು ಮಂಡಳಿಗೆ ಇನ್ನೊಂದು ಪತ್ರ ಬರೆದಿದ್ದೇನೆ: ನಾವು ಕೇಳಿದ್ದು ಚರ್ಚೆಯನ್ನು, ಯಾರ ಪದಚ್ಯುತಿಯನ್ನೂ ಕೇಳಿಲ್ಲ, ನಮ್ಮ ಮನವಿಯನ್ನು ಅದಕ್ಕೆ ಆಧಾರವಾಗಿ ಬಳಸಬಾರದು, ಅದರ ಪೂರ್ಣ ಪಠ್ಯವನ್ನು ಪೋಷಕರಿಗೂ ಕೊಡಬೇಕು. ಈ ಸಲ ಒಂದೂ ದೊಡ್ಡ ಪದವಿಲ್ಲ. ಫೋನಿನಲ್ಲಿ ಓದಿ ಹೇಳಿದಾಗ ಹಿಂದಿ ಮೇಡಂ ಸೇರಿದಂತೆ ನಾಲ್ವರು ಸಹಿ ಹಾಕುವುದಾಗಿ ಒಪ್ಪಿದ್ದಾರೆ. ವಿಜ್ಞಾನದ ಶಿಕ್ಷಕಿ ಹಾಕುವುದಿಲ್ಲ ಎಂದರು. ಅವರ ಮಾತನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಪತ್ರದ ಒಂದು ಪ್ರತಿ ವಕೀಲರಿಗೂ ಹೋಗಬೇಕು. ಕಚೇರಿಯಲ್ಲಿ ಕೊಡುವಾಗ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು, ಕಳೆದ ಸಲ ಅದನ್ನು ಮರೆತಿದ್ದೆವು.

ಸೋಮವಾರ ಎಂಟೂವರೆಯ ತರಗತಿ ಇದೆಯೋ ಇಲ್ಲವೋ ಎಂದು ಮಗಳು ಈಗಷ್ಟೇ ಬಂದು ಕೇಳಿದಳು. ಯಾರಿಂದಲೂ ಸೂಚನೆ ಬಂದಿಲ್ಲ. ಎಂಟಕ್ಕೆ ಹೊರಟುಬಿಡೋಣ ಎಂದಿದ್ದೇನೆ.