ಡೋರಿಯನ್ ಗ್ರೇ ಪಾಠವನ್ನು ನಾನು ಕಾಗದದಿಂದ ಶುರು ಮಾಡುವುದೇಕೆ

ಪದವಿ ತರಗತಿಯಲ್ಲಿ ಆಸ್ಕರ್ ವೈಲ್ಡ್‌ನ ‘ದ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಪಾಠ ಮಾಡುವವರಿಗೆ ಇರುವ ತೊಡಕೆಂದರೆ, ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಸುಂದರಾಂಗ ಯುವಕ, ಅವನ ಬದಲು ಮುದಿಯಾಗುವ, ಅವನ ಪಾಪಗಳ ಗುರುತನ್ನೂ ಹೊರುವ ಚಿತ್ರಪಟ, ಕೊನೆಗೆ ಸಾವು. ಗೈಡ್ ಓದಿ ಬಂದವರು ‘ರೂಪದ ಅಹಂಕಾರಕ್ಕೆ ತಕ್ಕ ಶಾಸ್ತಿ’ ಎಂದು ಬರೆದು ಅಂಕ ಗಿಟ್ಟಿಸುತ್ತಾರೆ. ಅಂಕ ಕೊಡುವವಳೂ ನಾನೇ ಆದ್ದರಿಂದ ದೂರುವಂತಿಲ್ಲ.

ಹಾಗಾಗಿ ಪಟವನ್ನು ಬದಿಗಿಟ್ಟು ಎಂಟನೆಯ ಅಧ್ಯಾಯದ ಕಾಗದವನ್ನು ಮೊದಲು ಓದಿಸುತ್ತೇನೆ. ನಟಿ ಸಿಬಿಲ್ ವೇನ್ ಒಂದು ರಾತ್ರಿ ಕೆಟ್ಟದಾಗಿ ಅಭಿನಯಿಸಿದಳೆಂದು ಡೋರಿಯನ್ ಅವಳನ್ನು ತೊರೆದು ಬಂದಿದ್ದಾನೆ. ಪಟದ ತುಟಿಯಲ್ಲಿ ಕ್ರೌರ್ಯದ ಛಾಯೆ ಮೂಡಿದೆ. ಮರುದಿನ ಅವಳಿಗೆ ಪುಟಗಟ್ಟಲೆ ಬರೆಯುತ್ತಾನೆ, ತನ್ನನ್ನೇ ಹಳಿದುಕೊಳ್ಳುತ್ತಾನೆ. ಬರೆದು ಮುಗಿಸಿದ್ದೇ ತಡ, ಕ್ಷಮೆ ಸಿಕ್ಕಿಯೇಬಿಟ್ಟಿತೆಂದು ಅವನಿಗೆ ಅನ್ನಿಸುತ್ತದೆ. ಕಾಗದ ಇನ್ನೂ ಮನೆ ಬಿಟ್ಟು ಹೊರಟಿಲ್ಲ. ಅವಳು ಆಗಲೇ ಸತ್ತಿದ್ದಾಳೆ. ಆ ಸುದ್ದಿಯನ್ನು ಗೆಳೆಯ ಲಾರ್ಡ್ ಹೆನ್ರಿ ಬಂದು ಹೇಳಬೇಕಾಗುತ್ತದೆ. ಅದೇ ರಾತ್ರಿ ಡೋರಿಯನ್ ಒಪೆರಾ ನೋಡಲು ಹೋಗುತ್ತಾನೆ.

ಇವನು ಯಾರ ಕ್ಷಮೆ ಕೇಳಿದ ಎಂದು ತರಗತಿಯನ್ನು ಕೇಳಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: “ಮೇಡಂ, ಕಾಗದ ಬರೆದುಕೊಂಡಿದ್ದು ತನಗೇ. ಹೆಸರು ಮಾತ್ರ ಅವಳದು.” ಅದಕ್ಕೆ ನಾನು ಸೇರಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಇಷ್ಟು ಹಿಡಿದ ಮೇಲೆ ಹದಿನಾಲ್ಕನೆಯ ಅಧ್ಯಾಯ ಬೇರೆಯೇ ಆಗಿ ಕಾಣುತ್ತದೆ. ಪಟ ಬರೆದ ಬೇಸಿಲ್‌ನನ್ನು ಡೋರಿಯನ್ ಇರಿದು ಕೊಂದಿದ್ದಾನೆ. ಹೆಣವನ್ನು ಇಲ್ಲವಾಗಿಸಲು ರಸಾಯನಶಾಸ್ತ್ರ ಬಲ್ಲ ಹಳೆಯ ಗೆಳೆಯ ಅಲನ್ ಕ್ಯಾಂಬೆಲ್‌ನನ್ನು ಕರೆಸುತ್ತಾನೆ. ಅವನು ಒಪ್ಪದಿದ್ದಾಗ, ಮೊದಲೇ ಸಿದ್ಧವಾಗಿದ್ದ ಒಂದು ಕಾಗದವನ್ನು ಹೊರತೆಗೆದು ವಿಳಾಸ ತೋರಿಸಿ, ನೆರವಾಗದಿದ್ದರೆ ಇದನ್ನು ಕಳಿಸುತ್ತೇನೆ ಎನ್ನುತ್ತಾನೆ. ಅದರೊಳಗೆ ಏನಿದೆ ಎಂದು ವೈಲ್ಡ್ ನಮಗೆ ಹೇಳುವುದೇ ಇಲ್ಲ. ಬೆದರಿಸುತ್ತಲೇ ಡೋರಿಯನ್, ನಿನ್ನನ್ನು ಕಂಡರೆ ಮರುಕವಾಗುತ್ತದೆ ಎಂದೂ ಅನ್ನುತ್ತಾನೆ! ನನಗೆ ಕೊಲೆಗಿಂತಲೂ ಹೇಸಿಗೆ ಹುಟ್ಟಿಸುವುದು ಈ ಮರುಕ. ಕೊಲೆ ಕೋಪದ ಭರದಲ್ಲಿ ಆಗಿಹೋಯಿತು. ಇಲ್ಲಿ ಅವನು ಕುಳಿತು ಯೋಚಿಸಿ, ತಾನು ಒಳ್ಳೆಯವನೆಂಬ ಭಾವವನ್ನೂ ಉಳಿಸಿಕೊಂಡು ಒಬ್ಬನನ್ನು ಮುಗಿಸುತ್ತಾನೆ. ಕ್ಯಾಂಬೆಲ್ ಮುಂದೆ ಗುಂಡು ಹಾರಿಸಿಕೊಂಡು ಸಾಯುತ್ತಾನೆ.

ಕೊನೆಯ ಅಧ್ಯಾಯದಲ್ಲಿಯೂ ಇದೇ ರೋಗ. ಹಳ್ಳಿಯ ಹುಡುಗಿ ಹೆಟ್ಟಿಯನ್ನು ಕೆಡಿಸದೆ ಬಿಟ್ಟುಬಂದೆನೆಂದು ಹಿಗ್ಗಿ, ಪಟ ಸುಧಾರಿಸಿದೆಯೇ ಎಂದು ದೀಪ ಹಿಡಿದು ನೋಡಲು ಹೋಗುತ್ತಾನೆ. ಕಣ್ಣಲ್ಲಿ ಕಪಟ, ಬಾಯಲ್ಲಿ ಬೂಟಾಟಿಕೆಯ ಸುಕ್ಕು ಹೊಸದಾಗಿ ಸೇರಿಕೊಂಡಿವೆ. ಮುಖದ ಚೆಲುವಿನ ಮೇಲಿನ ಮೋಹ ಈ ಹೊತ್ತಿಗೆ ಅವನಿಗೇ ಸಾಕಾಗಿದೆ, ಕನ್ನಡಿಯನ್ನೇ ನೆಲಕ್ಕೆಸೆದು ತುಳಿದಿದ್ದಾನೆ. ತನ್ನ ಒಳ್ಳೆಯತನದ ಮೇಲಿನ ಮೋಹ ಮಾತ್ರ ಬಿಟ್ಟಿಲ್ಲ.

‘ನೀತಿ ಏನು ಬರೆಯಲಿ ಮೇಡಂ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ 1890ರ ಗಲಾಟೆಯನ್ನು ಹೇಳುತ್ತೇನೆ. ಆ ವರ್ಷದ ಜುಲೈನಲ್ಲಿ ಲಿಪಿನ್‌ಕಾಟ್ಸ್ ಪತ್ರಿಕೆಯಲ್ಲಿ 13 ಅಧ್ಯಾಯಗಳ ಕಥೆಯಾಗಿ ಬಂದಾಗ ವಿಮರ್ಶಕರು ಹೊಲಸೆಂದು ಬೈದರು. ವೈಲ್ಡ್ ಪತ್ರಿಕೆಗಳಿಗೆ ಉತ್ತರಿಸುತ್ತಾ, ನೀತಿ ಇದೆ, ಅದು ತೀರಾ ಎದ್ದು ಕಾಣುವುದೇ ದೋಷ ಎಂದ. 1891ರಲ್ಲಿ 20 ಅಧ್ಯಾಯಗಳ ಪುಸ್ತಕವಾದಾಗ, ನೀತಿಯ ಪುಸ್ತಕ ಅನೀತಿಯ ಪುಸ್ತಕ ಎಂಬುದೇ ಇಲ್ಲವೆಂದು ಮುನ್ನುಡಿ ಬರೆದ. 1895ರಲ್ಲಿ ಅವನೇ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಎದುರಾಳಿ ವಕೀಲ ಕಾರ್ಸನ್ ಇದೇ ಕಾದಂಬರಿಯ ಸಾಲುಗಳನ್ನು ಓದಿ ಅವನನ್ನು ಪಾಟೀಸವಾಲು ಮಾಡಿದ. ಲೇಖಕನಿಗೇ ಬಗೆಹರಿಯದ ವಿಷಯವನ್ನು ಐದು ಅಂಕಕ್ಕೆ ಬಗೆಹರಿಸಬೇಡಿ ಎನ್ನುತ್ತೇನೆ.

ಕಿರುಪರೀಕ್ಷೆಗೆ ನಾನು ಕೊಡುವುದು ಒಂದೇ ಪ್ರಶ್ನೆ: ಡೋರಿಯನ್ ಹಿಂದಿರುಗಬಹುದಾಗಿದ್ದ ಪುಟ ಯಾವುದು? ಹೆಚ್ಚಿನವರು ಸಿಬಿಲ್‌ಗೆ ಬರೆದ ಕಾಗದಕ್ಕೆ ಬೊಟ್ಟು ಮಾಡುತ್ತಾರೆ. ಕೆಲವರು, ಮಂಡಿಯೂರಿ ಪ್ರಾರ್ಥಿಸೋಣ ಬಾ ಎಂದು ಬೇಸಿಲ್ ಅಂಗಲಾಚುವ ಕ್ಷಣವನ್ನು ಆರಿಸುತ್ತಾರೆ. ಯಾವ ಪುಟವಾದರೂ ಸರಿ, ಕಾರಣ ಪುಸ್ತಕದೊಳಗಿನಿಂದ ಬಂದಿದ್ದರೆ ಪೂರ್ತಿ ಅಂಕ. ಗೈಡ್‌ನಲ್ಲಿ ಇದಕ್ಕೆ ಉತ್ತರವಿಲ್ಲ, ಹಾಗಾಗಿ ತಿದ್ದಲು ದುಪ್ಪಟ್ಟು ಹೊತ್ತು ಹಿಡಿಯುತ್ತದೆ.