ಹನ್ನೊಂದು ಒದೆತ

ಜನವರಿ ತಿಂಗಳು, ಆಲ್ದೂರಿನ ಹತ್ತಿರ ಅಕ್ಕನ ಮನೆಯಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಹಣ್ಣು ಹರವುತ್ತಿದ್ದ ಭಾವ ಇದ್ದಕ್ಕಿದ್ದಂತೆ "ಅಯ್ಯೋ" ಎಂದು ಕೂಗಿ ಹಲಗೆ ಬಿಟ್ಟು ಕೂತುಬಿಟ್ಟರು.

ಅವರ ಎಡಭುಜದ ಕೆಳಗೆ, ಚರ್ಮದಡಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿಯಿತ್ತು. ಐಸಿಡಿ. ಹೃದಯ ಹಿಗ್ಗಿ ಸೋತಿದೆ, ಬಡಿತ ಯಾವಾಗ ಬೇಕಾದರೂ ಹುಚ್ಚೆದ್ದು ಓಡಬಹುದು ಎಂದು ಎರಡು ವರ್ಷದ ಹಿಂದೆ ಹಾಕಿದ್ದು. ಹಾಗೆ ಓಡಿದಾಗ ಅದು ಒಳಗಿಂದಲೇ ಶಾಕ್ ಕೊಟ್ಟು ದಾರಿಗೆ ತರುತ್ತದೆ. ಅಲ್ಲಿಯವರೆಗೆ ಒಂದೇ ಸಲ ಕೊಟ್ಟಿತ್ತು. "ಹಾಲು ಕರೆಯುವಾಗ ಹಸು ಒದೆಯುತ್ತಲ್ಲ ಮಾರಾಯ, ಅದೇ ಒದೆ, ಎದೆಯ ಒಳಗಿಂದ" ಎಂದು ನಕ್ಕಿದ್ದರು.

ಒಂದು ಶಾಕ್ ಬಂದು ಸುಧಾರಿಸಿಕೊಂಡರೆ ಫೋನ್ ಮಾಡಿ, ಮೇಲಿಂದ ಮೇಲೆ ಬಂದರೆ ಕಾಯಬೇಡಿ ಎಂದಿದ್ದರು ಡಾಕ್ಟರು. ಜೀಪು ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ನಾಲ್ಕು ಬಂದಿತ್ತು. ಅಲ್ಲಿ ಇಸಿಜಿ ತೆಗೆದು, ಬಡಿತ ಹತೋಟಿಗೆ ತರುವ ಅಮಿಯೋಡರೋನ್ ಔಷಧಿಯ ಡ್ರಿಪ್ ಹಾಕಿ, ಆಂಬ್ಯುಲೆನ್ಸ್ ಹತ್ತಿಸಿದರು.

ಬೇಲೂರು ದಾಟಿದ ಮೇಲೆ ಭಾವನ ಕೈ ಹಿಡಿದು ಕೂತಿದ್ದೆ. ಮಾನಿಟರಿನ ಗೆರೆ ಅಗಲವಾಗಿ, ಗರಗಸದ ಹಲ್ಲಿನ ಹಾಗೆ ಏಳತೊಡಗಿತು. ಅವರಿಗೆ ಗೊತ್ತಾಯಿತು. ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕಾದರು. ಶಾಕ್ ಹೊಡೆದಾಗ ನನ್ನ ಬೆರಳಿಗೂ ಜುಮ್ಮೆಂದಿತು. ಹಿಡಿದವರಿಗೆ ಅಪಾಯವಿಲ್ಲವಂತೆ, ಆದರೂ ನಾನು ಕೈ ಬಿಟ್ಟುಬಿಟ್ಟೆ. ಒಂದೇ ಕ್ಷಣ. ಅದು ಈಗಲೂ ಚುಚ್ಚುತ್ತದೆ.

ಹಾಸನದ ಹತ್ತಿರ ಎಂಟನೆಯದು. "ಇದನ್ನ ಆಫ್ ಮಾಡಿಸೋ" ಎಂದರು. ಆಫ್ ಮಾಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಚನ್ನರಾಯಪಟ್ಟಣ, ಕುಣಿಗಲ್ ಯಾವಾಗ ಹಿಂದೆ ಹೋದವೋ ತಿಳಿಯಲಿಲ್ಲ. ಬೆಂಗಳೂರು ಸೇರುವಾಗ ಲೆಕ್ಕ ಹನ್ನೊಂದು.

24 ಗಂಟೆಯೊಳಗೆ ಮೂರು ಸಲ ಹೀಗಾದರೇ ಅದಕ್ಕೆ ಎಲೆಕ್ಟ್ರಿಕಲ್ ಸ್ಟಾರ್ಮ್ ಎನ್ನುತ್ತಾರಂತೆ. ಹೆದರಿಕೆಗೆ ಅಡ್ರಿನಲಿನ್ ಏರುತ್ತದೆ, ಅದು ಬಡಿತ ಕೆಡಿಸುತ್ತದೆ, ಶಾಕ್ ಬರುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಅದಕ್ಕೇ ಮೊದಲು ಭಾವನಿಗೆ ಗಾಢ ನಿದ್ದೆ ಬರಿಸಿ ವೆಂಟಿಲೇಟರ್ ಹಾಕಿದರು. ತೊಡೆಸಂದಿನಿಂದ ತಂತಿ ತೂರಿಸಿ ಕೆಟ್ಟ ಜಾಗ ಸುಡುವ ಅಬ್ಲೇಷನ್ ಮಾಡಿದರು. ಮಾರನೇ ದಿನವೇ ಗರಗಸ ಮತ್ತೆ ಶುರು. ಕೊನೆಗೆ ಎಕ್ಮೋ: ರಕ್ತವನ್ನು ಹೊರಗೆಳೆದು, ಆಮ್ಲಜನಕ ಬೆರೆಸಿ, ಒಳಗೆ ತಳ್ಳುವ ಯಂತ್ರ. "ಇದರ ಮೇಲೆ ಬಹಳ ದಿನ ಇಡೋಕಾಗಲ್ಲ. ಬೇರೆ ಹೃದಯವೇ ಬೇಕು" ಎಂದರು. ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ತುರ್ತು ಎಂದು ಹೆಸರು ಸೇರಿತು. (ದುಡ್ಡಿನದು ಬೇರೆಯೇ ಪುರಾಣ, ಇಲ್ಲಿ ಬೇಡ.)

ರಕ್ತದ ಗುಂಪು ಹೊಂದಬೇಕು, ಮೈಕಟ್ಟು ಹೊಂದಬೇಕು, ತೆಗೆದ ಹೃದಯ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಮಿಡಿಯಬೇಕು. ಇದನ್ನು ಕೇಳುತ್ತಿದ್ದ ಅಕ್ಕ, "ಹಾಗಾದ್ರೆ ನಾವೀಗ ದೇವರ ಹತ್ರ ಏನಂತ ಕೇಳ್ಕೊಳ್ಳೋದೋ?" ಎಂದಳು. ಅವಳು ಹರಕೆ ಹೊರಲೇ ಇಲ್ಲ.

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಿಂದಲೇ ಒಂದು ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಗಿತ್ತು. ಊರೆಲ್ಲ ಕಣ್ಣೀರು ಹಾಕಿತ್ತು, ನಾನೂ. ಆ ಕಡೆ ಆಸ್ಪತ್ರೆಯ ಬೆಂಚಿನ ಮೇಲೆ ಯಾರೋ ಕೂತಿರುತ್ತಾರೆಂದು ಆಗ ಹೊಳೆದೇ ಇರಲಿಲ್ಲ.

ಎಕ್ಮೋದ ಐದನೇ ರಾತ್ರಿ ಹೃದಯ ಬಂತು. ಯಾರದ್ದೆಂದು ಹೇಳಲಿಲ್ಲ. ನೀಲಿ ಡಬ್ಬಿ ಹಿಡಿದ ಇಬ್ಬರು ನಮ್ಮ ಮುಂದೆಯೇ ಓಡಿದರು. ಅಕ್ಕ ಎದ್ದು ನಿಂತು ಕೈ ಮುಗಿದಳು.

ಈ ಸಲದ ಕೊಯ್ಲಿಗೆ ಭಾವ ಮಾಸ್ಕ್ ಹಾಕಿಕೊಂಡು ಜಗಲಿಯಿಂದಲೇ ಆಳುಗಳನ್ನು ಕೂಗುತ್ತಿದ್ದರು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಕಣದ ಧೂಳು, ಬೂಷ್ಟು ಆಗದು. ಹೊಸ ಹೃದಯಕ್ಕೆ ಹಳೆಯ ನರಗಳ ಸಂಪರ್ಕವಿಲ್ಲ. ಸುಮ್ಮನೆ ಕೂತರೂ ನಿಮಿಷಕ್ಕೆ ತೊಂಬತ್ತರ ಮೇಲೆ ಬಡಿಯುತ್ತದೆ. "ನಾಯಿ ಬೊಗಳಿದ್ರೆ ನಾನು ಬೆಚ್ಚಿಬೀಳ್ತೀನಿ, ಇದಕ್ಕೆ ಸುದ್ದಿ ಆಮೇಲೆ ಮುಟ್ಟುತ್ತೆ" ಎನ್ನುತ್ತಾರೆ.

ಮೊನ್ನೆ ಚೆಕಪ್ಪಿಗೆ ಕರೆದೊಯ್ಯುವಾಗ ಜೀಪು ಗುಂಡಿಗೆ ಬಿದ್ದು ಎಗರಿತು. ಭಾವನ ಬಲಗೈ ಥಟ್ಟನೆ ಎಡಭುಜದ ಕೆಳಕ್ಕೆ ಹೋಯಿತು. ಡಬ್ಬಿ ತೆಗೆದು ವರ್ಷವಾಗುತ್ತ ಬಂತು.